ಕೆಂಪರಾಜ್‌ನ ಬಿಸಿಗಾಳಿ

ದುಡಿಯುವ ಯಂತ್ರ ಬಿಸಿಯಾಗುತ್ತದೆ, ಆ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಬೆಂಗಳೂರಿನ ಹೊರಮಾವು ಬಡಾವಣೆಯ ಮನೆ ಓನರ್ ಕೆಂಪರಾಜ್, ಹಗಲಿರುಳು ಓಡಿ ಕ್ರಿಪ್ಟೋ ನಾಣ್ಯ ಗಳಿಸುವ ತನ್ನ ಕಂಪ್ಯೂಟರ್ ಯಂತ್ರಗಳ ಧೂಳನ್ನು ದಿನಾ ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಾನೆ, ಆಯುಧಪೂಜೆಗೆ ಅವುಗಳ ಮುಂದೆ ಬೂದುಗುಂಬಳ ಒಡೆಯುತ್ತಾನೆ. ಎಲ್ಲೆಲ್ಲೋ ಇರುವ, ಮುಖ ಕಾಣದ ಜನರ ಯಂತ್ರಗಳ ಜೊತೆ ಇವನವೂ ಇಂಟರ್ನೆಟ್ಟಿನಲ್ಲಿ ಸೇರಿ ದುಡಿಯುತ್ತವೆ; ಆ ಕೂಟಕ್ಕೆ ಪೂಲ್ ಎಂದು ಹೆಸರು. "ಪೂಲ್ ಅಂದ್ರೆ ಕೂಡು ಕುಟುಂಬ ಗುರು, ಬಂದಿದ್ದನ್ನ ಹಂಚ್ಕೊಂಡ್ ತಿನ್ನೋದು" ಎನ್ನುತ್ತಾನೆ. ಯಂತ್ರಗಳ ಬಿಸಿಯನ್ನು ಹೊರದಬ್ಬುವ ಎಕ್ಸಾಸ್ಟ್ ಫ್ಯಾನ್ ಮಾತ್ರ ಪಕ್ಕದ ಬಾಡಿಗೆ ಕೋಣೆಯ ಕಿಟಕಿಗೆ ಊದುತ್ತದೆ. ಅಲ್ಲಿರುವ ಬಾಣಂತಿ ಸುಭದ್ರಮ್ಮ, "ಕಲಬುರ್ಗಿ ಬಿಸ್ಲರೆ ಸಂಜಿಗಿ ಇಳೀತದ್ರಿ ಅಣ್ಣಾ, ಇದು ಇಳಿಯಂಗೇ ಇಲ್ಲ" ಎಂದಳು. ಅವನು ತಲೆ ತಗ್ಗಿಸಿದ. "ನಂಗೂ ಬೇಜಾರಮ್ಮ. ಆದ್ರೆ ಆಫ್ ಮಾಡಿದ್ರೆ ಪೂಲ್‌ನೋರು ಏನಂದ್ಕೋತಾರೆ?" ಅವಳ ಕೂಸು ಈಗ ಮೆಟ್ಟಿಲ ಕೆಳಗೆ, ಚಪ್ಪಲಿಗಳ ಪಕ್ಕ ಮಲಗುತ್ತದೆ. ನೀವು ಎದ್ದು ನಿಮ್ಮ ಗೋಡೆಯ ಆಚೆಗೆ ಹೋಗಿ, ನಿಮ್ಮ ಬಿಸಿಗಾಳಿ ಯಾರ ಕಿಟಕಿಗೆ ನುಗ್ಗುತ್ತಿದೆ ಎಂದು ನಿಂತು ನೋಡಿ.