ಬಟ್ಟೆ ಸುತ್ತಿದ ಬೆರಳು

ಜ್ವರಕ್ಕಿಂತ ಮೊದಲು ನನಗೆ ತಿಳಿಸಿದ್ದು ನನ್ನ ಬಳೆಗಳೇ. ಬಿಗಿಯಾಗಿದ್ದವು ಮೊಣಕೈವರೆಗೆ ಜಾರತೊಡಗಿದವು. ಬಳೆಗಾರ್ತಿಯ ಕೈಗೇ ಅಳತೆ ತಪ್ಪಿತಲ್ಲ ಎಂದು ನಕ್ಕೆ. ಆಮೇಲೆ ಬಾಯಿ ತುಂಬ ಬಿಳಿ ಹುಣ್ಣು, ನಿಲ್ಲದ ಭೇದಿ. ಗಂಡ ರಫೀಕ್ ಹರಪನಹಳ್ಳಿಯಲ್ಲಿ ಲಾರಿ ಮೆಕ್ಯಾನಿಕ್. ಅವರ ಕೆಮ್ಮು ಅದಕ್ಕೂ ಹಳೆಯದು. ದಾವಣಗೆರೆಯ ಆಸ್ಪತ್ರೆಯಲ್ಲಿ ಇಬ್ಬರ ರಕ್ತವನ್ನೂ ಟೆಸ್ಟ್‌ಗೆ ತೆಗೆದುಕೊಂಡರು.

ಇಬ್ಬರಿಗೂ ಎಚ್‌ಐವಿ ಪಾಸಿಟಿವ್.

ರಫೀಕ್ ತಲೆ ಎತ್ತಲಿಲ್ಲ. ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ತಪ್ಪು ನನ್ನದಲ್ಲದಿದ್ದರೂ ನಾಚಿಕೆ ಮಾತ್ರ ನನ್ನದೇ ಎನ್ನುವ ಹಾಗೆ ಮೈಗೆ ಅಂಟಿಕೊಂಡಿತು. ಕೌನ್ಸೆಲರ್ ಮೇಡಂಗೆ ಒಂದೇ ಪ್ರಶ್ನೆ ಕೇಳಿದೆ.

"ನಂದು ದಿನಾ ಹೆಣ್ಮಕ್ಕಳ ಕೈ ಹಿಡಿಯೋ ಕೆಲಸ ಐತ್ರಿ. ಮಾಡಬೌದೇನ್ರಿ?"

"ಮುಟ್ಟಿದ್ರೆ ಬರಲ್ಲಮ್ಮ. ಧೈರ್ಯವಾಗಿ ಮಾಡು. ನಿನ್ನ ಬೆರಳಿಗೆ ಗಾಯ ಆದ್ರೆ ಮಾತ್ರ ಪಟ್ಟಿ ಹಾಕ್ಕೊಂಡು, ಮಾಯೋವರೆಗೂ ಕೆಲಸ ಬಿಡು."

ಕಿವಿ ಕೇಳಿತು, ಕೈ ನಂಬಲಿಲ್ಲ. ಮನೆಗೆ ಬಂದವಳೇ ಹಳೆಯ ದುಪಟ್ಟಾ ಹರಿದು ಬೆರಳುಗಳಿಗೆಲ್ಲ ಸುತ್ತಿಕೊಂಡೆ. ಕೇಳಿದವರಿಗೆ, ಬಿಸಿ ಎಣ್ಣೆ ಬಿದ್ದು ಸುಟ್ಟಿತು ಎನ್ನುತ್ತಿದ್ದೆ. ಮಾತ್ರೆ ಶುರುವಾಗಿ ಮೈ ಚೇತರಿಸಿಕೊಂಡಿತು. ಎಣ್ಣೆಯ ಗಾಯ ಮಾತ್ರ ವಾಸಿಯಾಗಲೇ ಇಲ್ಲ.

ಆಸ್ಪತ್ರೆಗೆ ಹೋಗಿ ಬರುವುದನ್ನು ಕಂಡವರು ಬಾಯಿಗೆ ಬಂದದ್ದು ಆಡಿಕೊಂಡು, ಕೊನೆಗೆ ರೋಗದ ಹೆಸರು ಊರಿಗೆಲ್ಲ ಗೊತ್ತಾಯಿತು. ವಾಡಿಕೆಯ ಮನೆಗಳು ಒಂದೊಂದಾಗಿ ಕರೆಯುವುದನ್ನು ಬಿಟ್ಟವು. ಅಂಥದ್ದರಲ್ಲಿ ನೀಲಗುಂದದ ಬಸಮ್ಮನವರು ಹೇಳಿ ಕಳಿಸಿದರು. ಚೊಚ್ಚಲ ಬಸುರಿಯಾದ ಮಗಳು ಗೀತಾಳಿಗೆ ಕುಬಸದ ಶಾಸ್ತ್ರ, ಹಸಿರು ಬಳೆ ಇಡಬೇಕು. ಗೀತಾ ಕೂಸಾಗಿದ್ದಾಗಿನಿಂದ ನನ್ನ ಕೈಯಲ್ಲೇ ಬಳೆ ಇಡಿಸಿಕೊಂಡವಳು. ಆ ಮನೆಯೂ ಕೈಬಿಟ್ಟರೆ ನನ್ನ ಕಸುಬು ಮುಗಿದಂತೆಯೇ. ಹೆದರಿಕೊಂಡೇ ಹೋದೆ.

ಬಳೆ ಇಡುವುದು ಕಣ್ಣಿನ ಕೆಲಸವಲ್ಲ. ಹೆಬ್ಬೆರಳ ಬುಡವನ್ನು ಮಡಿಸಿ ಒತ್ತುತ್ತ, ಮೂಳೆ ಎಲ್ಲಿ ದಾರಿ ಬಿಡುತ್ತದೆಂದು ಬೆರಳ ತುದಿಯಲ್ಲೇ ತಿಳಿಯಬೇಕು. ಬಟ್ಟೆಯ ಮೇಲಿಂದ ಏನು ತಿಳಿಯುತ್ತದೆ? ಬಸುರಿಯ ಕೈ ಬೇರೆ ಊದಿತ್ತು. ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತು. ಒತ್ತಿದೆ.

ಒಡೆಯಿತು.

ಗೀತಾಳ ಕೈಯಲ್ಲಿ ರಕ್ತ. ಸುತ್ತ ಕೂತ ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಕುಬಸದಲ್ಲಿ ಬಳೆ ಒಡೆಯುವುದೇ ಅಪಶಕುನ. ಅದರ ಮೇಲೆ ನನ್ನ ರೋಗ. "ಗೊತ್ತಿದ್ದೂ ಗೊತ್ತಿದ್ದೂ ಆಕಿನ್ನ ಯಾಕ ಕರಿಸಿದ್ರಿ ಬಸಮ್ಮಾರ?" ಎಂದಿತು ಒಂದು ದನಿ. ನಾನು ಬಳೆಗಳನ್ನು ಗಂಟು ಕಟ್ಟತೊಡಗಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಲ್ಲಿಗೆ ಹೊಂಟಿ ಫಾತಿಮಕ್ಕ, ಕುಂದ್ರು" ಎಂದಳು ಗೀತಾ. ಕೈ ತೊಳೆದು ಗಾಯಕ್ಕೆ ಅರಿಶಿನ ಒತ್ತಿಕೊಂಡು ಹೆಂಗಸರ ಕಡೆ ತಿರುಗಿದಳು. "ಬಂದಿದ್ದು ನನ್ನ ರಕ್ತ, ಆಕಿದಲ್ಲ. ಬಸುರಿ ಅಂತ ನನಗೂ ಆ ಟೆಸ್ಟ್ ಮಾಡಿ, ಆಸ್ಪತ್ರ್ಯಾಗ ಎಲ್ಲಾ ತಿಳಿಸಿ ಹೇಳ್ಯಾರ. ಕೈ ಹಿಡಿದ್ರ ಬರಾಂಗಿಲ್ಲ. ಅಕ್ಕಾ, ಮೊದಲ ಆ ಬಟ್ಟಿ ಬಿಚ್ಚು."

ಬಿಚ್ಚಿದೆ. ಎಲ್ಲರೂ ನೋಡುತ್ತಿದ್ದರು. ಬೆರಳುಗಳ ಮೇಲೆ ಒಂದು ಗೀರೂ ಇರಲಿಲ್ಲ. ರೋಗ ಊರಿಗೆ ಗೊತ್ತಾದಾಗ ಆಗದಷ್ಟು ನಾಚಿಕೆ ಆಗ ಆಯಿತು. ಇಷ್ಟು ದಿನ ಸುಳ್ಳು ಹೇಳಿಕೊಂಡು, ನೆಟ್ಟಗಿದ್ದ ಕೈಯನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ತಿರುಗಿದ್ದೆನಲ್ಲ.

ಗಾಯ ತಪ್ಪಿಸಿ ಅವಳ ಎರಡೂ ಕೈ ತುಂಬ ಬಳೆ ಇಟ್ಟೆ. ಮತ್ತೆ ಒಂದೂ ಒಡೆಯಲಿಲ್ಲ. ವಾಡಿಕೆಯಂತೆ ಅವಳು ಬಳೆಗಾರ್ತಿಗೆ ಕೈ ಮುಗಿದು ಎದ್ದಳು. ಬಸುರಿಯ ನಂತರ ನಾ ಮುಂದೆ ತಾ ಮುಂದೆ ಎಂದು ಕೂರುತ್ತಿದ್ದ ಹೆಂಗಸರು ಆವತ್ತು ಗೋಡೆಗೆ ಒರಗಿಕೊಂಡೇ ಇದ್ದರು. ನನ್ನ ಮುಂದಿನ ಚಾಪೆ ಖಾಲಿ. ಸ್ವಲ್ಪ ಹೊತ್ತಿಗೆ ಬಸಮ್ಮನವರು ಮಂಡಿ ಹಿಡಿದುಕೊಂಡು ಬಂದು ಕೂತರು. ಮುಖದಲ್ಲಿ ಅಂಜಿಕೆ ಎದ್ದು ಕಾಣುತ್ತಿತ್ತು.

"ನನ್ನ ಕೈ ಬಾಳ ಬಿರುಸವ್ವ. ಮೆಲ್ಲಕ ಇಡು."

ಅವರ ಹೆಬ್ಬೆರಳ ಬುಡವನ್ನು ಬರಿಬೆರಳಲ್ಲಿ ಮಡಿಸಿ ಒತ್ತಿದೆ. ಬಳೆ ಏರುವವರೆಗೂ ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎಷ್ಟೋ ಮನೆಯವರು ಈಗಲೂ ಕರೆಯುವುದಿಲ್ಲ. ಕರೆಯಿರಿ ಎನ್ನಲು ನನಗೂ ನಾಲಿಗೆ ಏಳುವುದಿಲ್ಲ. ನಾಚಿಕೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಗೀತಾ ತಿಳಿದವಳು, ಅಂಜದೆ ಕೈ ಕೊಟ್ಟಳು. ಅವಳನ್ನು ಮರೆಯಲಾರೆ. ಆದರೆ ಅಂಜಿಕೊಂಡೂ ಕೈ ಕೊಟ್ಟ ಬಸಮ್ಮನವರ ಋಣವೇ ನನಗೆ ಹೆಚ್ಚು ಭಾರ.