ವಿಭೂತಿ ಹಚ್ಚಿದ ಫ್ಲಾಪಿಗಳು

ನನ್ನ ಮೇಜಿನ ಖಾನೆಯಲ್ಲಿ ಇವತ್ತಿಗೂ ಒಂದು ಫ್ಲಾಪಿ ಇದೆ. ಅದರ ಮೇಲೆ ಮೂರು ಗೆರೆ ವಿಭೂತಿ, ನಡುವೆ ಒಂದು ಬೊಟ್ಟು ಕುಂಕುಮ. ಮನೆಯಲ್ಲಿ ಎಸೆಯಿರಿ ಅನ್ನುತ್ತಾರೆ. ನನ್ನಿಂದಾಗುವುದಿಲ್ಲ. ಖಾನೆ ಎಳೆದಾಗಲೆಲ್ಲ ಸೊರಬದ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಬಂದು ನಿಂತ ಹಾಗಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಶಿಕಾರಿಪುರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆ ಸೊರಬದಲ್ಲಿತ್ತು, ಒಂದನೇ ತರಗತಿಯಿಂದ ನಡೆಯುತ್ತಿದ್ದ ಹಳೆಯ ಶಾಲೆ. ಎರಡಕ್ಕೂ ಸೇರಿ ಒಂದೇ ಒಂದು ಕಂಪ್ಯೂಟರ್ ಬಂತು. ಶಿವಮೊಗ್ಗದಲ್ಲಿ ಮೂರು ತಿಂಗಳು ಕಲಿತು ಬಂದಿದ್ದೆನಲ್ಲ, ಅದು ನನ್ನ ಕೊರಳಿಗೆ ಬಿತ್ತು. ಬಿತ್ತು ಅಂತ ಈಗ ಹೇಳುತ್ತೇನೆ, ಆಗ ಮಾತ್ರ ಕಾಲು ನೆಲದ ಮೇಲೆ ಇರಲಿಲ್ಲ.

ಮೊದಲ ಕೆಲಸವೇ ಸೊರಬದ ದಾಖಲಾತಿ ಪುಸ್ತಕ. ಅದಕ್ಕೆ ಗೆದ್ದಲು ಹಿಡಿದಿತ್ತು. ಯಾವ ಮಗು, ಯಾರ ಮಗು, ಹುಟ್ಟಿದ ತಾರೀಖು ಯಾವುದು, ಎಲ್ಲ ಅದರಲ್ಲೇ. ಒಂದು ಬೇಸಿಗೆಯಿಡೀ ಕೂತು ಓದಲು ಬಂದಷ್ಟನ್ನೂ ಟೈಪ್ ಮಾಡಿದೆ. ಆ ಮಳೆಗಾಲದಲ್ಲಿ ಗೆದ್ದಲು ಉಳಿದ ಪುಸ್ತಕವನ್ನೂ ಮುಗಿಸಿತು. ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿ ಇಡೋಣ ಎಂದು ನಮ್ಮ ಗುಮಾಸ್ತರು ಒಂದೆರಡು ಸಲ ಹೇಳಿದರು. "ಗೆದ್ದಲಿಗೆ ಇನ್ನೊಂದು ಊಟ ಹಾಕ್ಬೇಕೇನ್ರೀ?" ಎಂದು ನಾನು ನಕ್ಕೆ.

ನಾನು ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ತಲೆಬರಹ: ಕಂಪ್ಯೂಟರ್ ಕೆಟ್ಟ ದಿನ. ಪ್ರತಿ ಶನಿವಾರ ಎಲ್ಲವನ್ನೂ ಎರಡು ಡಬ್ಬಿ ಫ್ಲಾಪಿಗೆ ನಕಲು ಮಾಡುವುದು. ಒಂದು ಡಬ್ಬಿ ನಮ್ಮ ಬೀರುವಿನಲ್ಲಿ, ಇನ್ನೊಂದು ಬಸ್ಸಿನಲ್ಲಿ ಸೊರಬಕ್ಕೆ ಹೋಗಿ ಅಲ್ಲಿನ ಹೆಡ್‌ಮಾಸ್ಟರರ ಬೀರುವಿನಲ್ಲಿ. ಎರಡು ಡಬ್ಬಿಯೂ ಒಂದೇ ಸೂರಿನಡಿ ಇರಕೂಡದು. ಕೊನೆಯ ಈ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಬೆಂಕಿ ಬೀಳಬಹುದು, ನೀರು ನುಗ್ಗಬಹುದು, ಕಳ್ಳರು ಬರಬಹುದು, ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು. ದೇವರ ಪೂಜೆಯನ್ನು ಮಾತ್ರ ಅನಾಹುತಗಳ ಪಟ್ಟಿಗೆ ಸೇರಿಸಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಸೊರಬದ ಹೆಡ್‌ಮಾಸ್ಟರರು ಬೆಳಗಿನ ಬಸ್ಸಿಗೇ ಬಂದಿಳಿದರು. ಚೀಲದಿಂದ ಎರಡನೇ ಡಬ್ಬಿ ತೆಗೆದು, "ಇದಕ್ಕೂ ಪೂಜೆ ಆಗ್ಲಿ ಕಣ್ರೀ. ಪಾಪ, ಇದೊಂದು ಅಲ್ಲಿ ಕತ್ತಲಲ್ಲಿ ಯಾಕಿರ್ಬೇಕು?" ಅಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿಗ್ಗಾಯಿತು. ಶಾಲೆಯ ಗಂಟೆ, ಹಾರ್ಮೋನಿಯಂ, ಪ್ರಯೋಗಾಲಯದ ತಕ್ಕಡಿ ಸಾಲಾಗಿದ್ದವು. ಅವುಗಳ ನಡುವೆ ನಾನೇ ಎರಡೂ ಡಬ್ಬಿ ಬಿಚ್ಚಿ ಫ್ಲಾಪಿಗಳನ್ನು ಜೋಡಿಸಿದೆ. ನಮ್ಮ ವಯಸ್ಸಾದ ಜವಾನರು ವಿಭೂತಿಯನ್ನು ನೀರಿನಲ್ಲಿ ಕಲಸಿಕೊಂಡು, ಒಂದನ್ನೂ ಬಿಡದೆ, ಮೂರು ಬೆರಳಿನಿಂದ ಭಕ್ತಿಯಿಂದ ಎಳೆದರು. ಗೋಡೆಯ ಹಾಳೆಗೂ ಒಂದು ಬೊಟ್ಟಿಟ್ಟರು. ನಾನು ಕೈಮುಗಿದುಕೊಂಡು ನಿಂತಿದ್ದೆ.

ಮಂಗಳಾರತಿ ಮುಗಿಯುವ ಹೊತ್ತಿಗೆ ಆಕೆ ಬಂದದ್ದು. ಮೂವತ್ತರ ಆಸುಪಾಸು, ಸೊರಬ ಕಡೆಯ ಹಳ್ಳಿಯವಳು. ಏಳನೇ ತರಗತಿಗೆ ಓದು ಬಿಡಿಸಿದ್ದರಂತೆ, ಟಿ.ಸಿ. ತೆಗೆದುಕೊಂಡೇ ಇರಲಿಲ್ಲ. ಊರಿನ ಅಂಗನವಾಡಿಗೆ ಸಹಾಯಕಿ ಬೇಕಾಗಿದ್ದಾರೆ, ಅರ್ಜಿಯ ಜೊತೆ ವಯಸ್ಸಿನ ದಾಖಲೆ ಕೊಡಬೇಕು, ಹಬ್ಬ ಮುಗಿದ ಮುಂದಿನ ವಾರವೇ ಕೊನೆಯ ದಿನ.

"ನಮ್ಮ ಶಾಲಿ ಪುಸ್ತಕ ಎಲ್ಲಾ ಈ ಪೆಟ್ಟಿಗೆಯೊಳಗೆ ಐತಂತಲ್ಲ ಮೇಷ್ಟ್ರೆ?" ಎಂದಳು.

ಐದು ನಿಮಿಷದ ಕೆಲಸ. ಕಂಪ್ಯೂಟರ್ ಸರಿಯಾಗಿತ್ತು, ಸಹಿ ಹಾಕುವ ಹೆಡ್‌ಮಾಸ್ಟರರು ಪಕ್ಕದಲ್ಲೇ ಕೋಸಂಬರಿ ತಿನ್ನುತ್ತಿದ್ದರು. ಆದರೆ ಪೂಜೆಗಿಟ್ಟ ವಸ್ತುವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ.

"ಪೂಜೆಗಿಟ್ಟಿದ್ದೀವಿ ಕಣಮ್ಮ. ಹಬ್ಬ ಮುಗಿಸ್ಕೊಂಡು ಬನ್ನಿ," ಅಂದೆ. ಆಕೆ ಕಂಪ್ಯೂಟರಿಗೆ ಹಾಕಿದ್ದ ಸೇವಂತಿಗೆ ಹಾರ ನೋಡಿದಳು, ತಾನೂ ಕೈಮುಗಿದಳು, ಪ್ರಸಾದ ಸೆರಗಿಗೆ ಕಟ್ಟಿಕೊಂಡು ಹೋದಳು.

ಹಬ್ಬ ಕಳೆದು ಬಾಗಿಲು ತೆರೆದಾಗ, ಅಲಂಕಾರಕ್ಕೆ ಹಾಕಿದ್ದ ಸರದ ದೀಪಗಳು ಸುಟ್ಟು ಕಪ್ಪಾಗಿದ್ದವು. ಕಂಪ್ಯೂಟರಿನ ಪ್ಲಗ್ಗನ್ನೂ ಅಲ್ಲೇ ಬಿಟ್ಟು ಹೋಗಿದ್ದೆವು. ಯಾವ ಹೊತ್ತಿನಲ್ಲೋ ಕರೆಂಟು ಜೋರಾಗಿ ಬಂದಿರಬೇಕು. ಗುಂಡಿ ಒತ್ತಿದರೆ ಕಂಪ್ಯೂಟರಿನ ದೀಪ ಬಂತು, ಆದರೆ ಒಳಗಿನ ಡಿಸ್ಕು ಸತ್ತಿತ್ತು. ಗುಮಾಸ್ತರು ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಗೋಡೆಯ ಹಾಳೆ ತೋರಿಸಿ, ಇದಕ್ಕೇ ಅಲ್ವೇನ್ರೀ ಇದನ್ನ ಬರೆದಿಟ್ಟಿದ್ದು, ಅಂದೆ. ಕಂಪ್ಯೂಟರ್ ಕೆಟ್ಟ ದಿನ ಬಂದೇ ಬಂತೆಂದು ಒಳಗೊಳಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲನೇ ಫ್ಲಾಪಿ ಹಾಕಿದೆ. ಕರಕರ ಸದ್ದಾಯಿತು. ಓದಲಿಲ್ಲ. ಎರಡನೆಯದು, ಮೂರನೆಯದು. ಸಿಟ್ಟು ನೆತ್ತಿಗೇರಿತು. ಒಂದು ಡಬ್ಬಿ ಮುಗಿದ ಮೇಲೆ ಸೊರಬದ ಡಬ್ಬಿ ತೆಗೆದೆ. ಗುಮಾಸ್ತರು, "ಸ್ವಲ್ಪ ತಡೀರಿ ಮೇಷ್ಟ್ರೆ, ಯಾರನ್ನಾದ್ರೂ ಕೇಳಿ ನೋಡೋಣ," ಎಂದರು. ಕಂಪ್ಯೂಟರ್ ವಿಷಯದಲ್ಲಿ ನಾನು ಯಾರನ್ನು ಕೇಳಬೇಕು? ಒಂದೊಂದಾಗಿ ಅಷ್ಟನ್ನೂ ತುರುಕಿದೆ. ಎಲ್ಲ ಮುಗಿದ ಮೇಲೆ ಒಂದರ ತಗಡಿನ ಮುಚ್ಚಳ ಸರಿಸಿ ನೋಡಿದೆ. ಒಳಗಿನ ಕಪ್ಪು ತಟ್ಟೆಯ ಮೇಲೆ ಸುತ್ತಲೂ ಗೀರು, ಅಂಚಿನಲ್ಲಿ ಬೂದಿ.

ಶಿವಮೊಗ್ಗದ ರಿಪೇರಿಯವರು ಡ್ರೈವು ಬಿಚ್ಚಿ ತೋರಿಸಿದರು. ವಿಭೂತಿಯ ನೀರು ಒಳಗಿಳಿದು ಒಣಗಿತ್ತು. ಮೊದಲ ಫ್ಲಾಪಿಯ ಬೂದಿ ಓದುವ ಮುಳ್ಳಿಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಪ್ರತಿಯೊಂದನ್ನೂ ಕೆರೆದಿತ್ತು. "ಮೊದ್ಲನೇದಕ್ಕೇ ನಿಲ್ಸಿದ್ರೆ ಉಳಿದಿದ್ದನ್ನ ಒರೆಸಿ ಓದಿಸ್ಬೋದಿತ್ತು ಸಾರ್," ಅಂದರು. ವಿಭೂತಿ ಹಚ್ಚಿದವರು ಜವಾನರು, ನಿಜ. ಕೆರೆದು ಹಾಳು ಮಾಡಿದವನು ನಾನು.

ಹೇಳಿದ ದಿನಕ್ಕೆ ಸರಿಯಾಗಿ ಆಕೆ ಬಂದಳು. ಆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಾನು ಶಾಲಿಗೇ ಹೋಗಿಲ್ಲ ಅಂತನೇನ್ರೀ?" ಎಂದಳು. ಹೆಡ್‌ಮಾಸ್ಟರರು, ಈಕೆ ನಮ್ಮಲ್ಲಿ ಓದಿದ್ದು ಹೌದೆಂದು ಪತ್ರ ಬರೆದುಕೊಟ್ಟರು. ಅರ್ಜಿ ಕೊಡುವ ಕಚೇರಿಯಲ್ಲಿ, ಹುಟ್ಟಿದ ತಾರೀಖು ಎಲ್ಲಿ ಎಂದು ಕೇಳಿ ಪತ್ರ ಹಿಂದಕ್ಕೆ ಕೊಟ್ಟರಂತೆ. ಆ ಕೆಲಸ ಬೇರೆಯವರಿಗಾಯಿತು.

ಮುಂದಿನ ವರ್ಷ ಹಬ್ಬ ಮುಗಿದ ಮರುದಿನ ಆಕೆ ಮತ್ತೆ ಬಾಗಿಲಲ್ಲಿದ್ದಳು. "ಸಿಕ್ತೇನ್ರೀ?" ಇಲ್ಲವೆಂದೆ. ಅದರ ಮುಂದಿನ ವರ್ಷವೂ ಬಂದಳು. ಹಬ್ಬ ಮುಗಿಸಿಕೊಂಡು ಬನ್ನಿ ಎಂದವನು ನಾನೇ ಅಲ್ಲವೇ. ದಸರಾ ಹತ್ತಿರ ಬಂದರೆ ನನಗೆ ಊಟ ಸೇರದಂತಾಯಿತು. ಆ ಸಲ ತಡೆಯಲಾರದೆ, "ಆ ಕೆಲಸ ಹೋಗಿ ಎಷ್ಟು ದಿನ ಆಯ್ತಮ್ಮ, ಇನ್ನೂ ಯಾಕೆ ಅಲೀತೀರಿ?" ಎಂದು ಗದರಿಬಿಟ್ಟೆ.

"ಕೆಲಸಕ್ಕಲ್ರೀ. ನನ್ ಹೆಸ್ರು ಅದ್ರಾಗೆ ಇತ್ತಾ ಅಂತ."

"ಇತ್ತು. ನಾನೇ ಟೈಪ್ ಮಾಡಿದ್ದು, ಚೆನ್ನಾಗಿ ನೆನಪಿದೆ," ಅಂದೆ. ಶುದ್ಧ ಸುಳ್ಳು. ಆ ಬೇಸಿಗೆಯಲ್ಲಿ ನಾನು ಹೊಡೆದದ್ದು ಬರೀ ಅಕ್ಷರ, ಒಂದು ಹೆಸರೂ ತಲೆಯಲ್ಲಿ ಉಳಿದಿರಲಿಲ್ಲ.

ಆಕೆಯ ಮುಖ ಅರಳಿತು. ಒಂದು ಹೆಜ್ಜೆ ಒಳಗೆ ಬಂದಳು. "ಹಂಗಾದ್ರೆ ಹೇಳ್ರಿ ಮೇಷ್ಟ್ರೆ, ನಾನು ಹುಟ್ಟಿದ್ದು ಯಾವತ್ತು?"

ನಾನು ಗೋಡೆಯ ಹಾಳೆಯ ಕಡೆ ತಿರುಗಿದೆ.

"ನಂಗೆ ಗೊತ್ತಿಲ್ರಿ. ಅಪ್ಪ ಹೇಳಿ ಬರೆಸಿದ್ದು. ಅಪ್ಪ ಹೋದ್ಮ್ಯಾಲೆ ಅದು ನಿಮ್ಮತ್ರ ಮಾತ್ರ ಇತ್ತು."

ಆಮೇಲೆ ಸೆರಗು ಸರಿಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಮುಂದಿನ ವರ್ಷ ಹಬ್ಬ ಮುಗಿದ ಮರುದಿನ ನಾನು ಸಂಜೆಯವರೆಗೂ ಬಾಗಿಲು ನೋಡುತ್ತ ಕೂತಿದ್ದೆ. ಆಕೆ ಬರಲಿಲ್ಲ.