ಮೆಣಸಿನಕಾಯಿ ಹಂಗಾಮಿಗೆ ಬರುವ ಪಾಠ

ಘನಾಕೃತಿಗಳ ಪಾಠ ಎಂಟನೇ ತರಗತಿಯ ಗಣಿತ ಪುಸ್ತಕದ ಹಿಂಭಾಗದಲ್ಲಿರುತ್ತದೆ. ಜೂನ್ ತಿಂಗಳಲ್ಲಿ ಪುಸ್ತಕ ಹಿಡಿದ ಮಾಸ್ತರರು ಅಲ್ಲಿಗೆ ತಲುಪುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿ ಉಕ್ಕಿ ಬರುವುದೂ ಆಗಲೇ. ಮಾರುಕಟ್ಟೆಯ ದಿನ ಊರಿಗೆ ಊರೇ ಸೀನುತ್ತದೆ. ಮನೆಮನೆಯ ಹಿತ್ತಲಲ್ಲಿ ಹೆಂಗಸರು ಕಾಯಿಯ ರಾಶಿಯ ಸುತ್ತ ಕೂತು ತುಂಬು ಬಿಡಿಸುತ್ತಾರೆ, ಅಂದರೆ ಒಂದೊಂದೇ ಕಾಯಿಯ ತೊಟ್ಟು ಮುರಿದು ತೆಗೆಯುತ್ತಾರೆ. ಅದಕ್ಕೆ ಸಣ್ಣ ಬೆರಳು ಬೇಕು, ಬೇಸರವಿಲ್ಲದ ಬೆನ್ನು ಬೇಕು. ಇವೆರಡೂ ಹುಡುಗಿಯರಿಗೆ ಇವೆ ಎಂದು ಮನೆಯವರು ತೀರ್ಮಾನಿಸಿ ಬಹಳ ಕಾಲವಾಯಿತು.

ಹೀಗಾಗಿ ಸುರೇಖಾಳ ಓರಗೆಯ ಹೆಂಗಸರಲ್ಲಿ ಬಹಳ ಜನರಿಗೆ ಗಣಿತ ಬರುವುದು ಅದರ ಹಿಂದಿನ ಪಾಠದವರೆಗೆ ಮಾತ್ರ. ಚೌಕ, ಆಯತ, ವೃತ್ತ ಎಲ್ಲ ಗೊತ್ತು. ಹಾಳೆಯ ಮೇಲೆ ಮಲಗಿದ ಆಕೃತಿ ಎದ್ದು ನಿಂತಿತೆಂದರೆ ಗೊತ್ತಿಲ್ಲ. ಯಾರೂ ಹಗೆ ಸಾಧಿಸಿ ಇದನ್ನು ಮಾಡಿದ್ದಲ್ಲ. ಕಾಯಿ ಬಂದಿತ್ತು, ಮಾಲು ಹೋಗಬೇಕಿತ್ತು, ಅಷ್ಟೇ.

ಸುರೇಖಾ ಎಂಟನೇ ತರಗತಿಯಲ್ಲಿದ್ದಾಗ ಅವಳ ಅಪ್ಪ ಅಜ್ಜಪ್ಪ ಕಾಗಿನೆಲೆ ರಸ್ತೆಯ ಹೊಲದ ಕಾಯಿಯನ್ನು ಮನೆಯಂಗಳದಲ್ಲೇ ಹರವಿದ್ದ. ಅವಳು ತಿರುಗಿ ಶಾಲೆಗೆ ಹೋದಾಗ ಹಲಗೆಯ ಮೇಲೆ ಬೇರೆ ಪಾಠ ನಡೆದಿತ್ತು. ಹತ್ತನೆಯ ಪರೀಕ್ಷೆಯಲ್ಲಿ ಸಿಲಿಂಡರು, ಶಂಕು, ಗೋಳ ಎಂದು ಲೆಕ್ಕಗಳು ಬಂದವು. ಅವಳು ಆ ಪುಟ ಖಾಲಿ ಬಿಟ್ಟು ಎದ್ದು ಬಂದಳು. ಪಾಸಾಗಲು ನಾಲ್ಕು ಅಂಕ ಕಡಿಮೆ ಬಿತ್ತು. ಮರುವರ್ಷ ಅವಳ ತಮ್ಮನೂ ಗಣಿತದಲ್ಲೇ ಫೇಲಾದ. ಅವನನ್ನು ಹಾವೇರಿಯಲ್ಲಿ ಟ್ಯೂಷನ್ನಿಗೆ ಹಾಕಿದರು, ಅವನು ಈಗ ಬ್ಯಾಂಕಿನಲ್ಲಿದ್ದಾನೆ. ಸುರೇಖಾಳಿಗೆ ವರ ನೋಡಿದರು.

ವರ ಚೇತನಕುಮಾರ. ಬ್ಯಾಡಗಿಯಲ್ಲೇ ಸಣ್ಣ ಪ್ರಮಾಣದ ಮೆಣಸಿನಕಾಯಿ ವ್ಯಾಪಾರ. ಮಾರುಕಟ್ಟೆಯಲ್ಲಿ ಕಾಯಿ ಹಿಡಿದು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತುಂಬು ಬಿಡಿಸಿ, ರಾಣೆಬೆನ್ನೂರಿನ ಒಬ್ಬ ಮಸಾಲೆ ತಯಾರಕರಿಗೆ ಕಳಿಸುತ್ತಾನೆ. ಶೆಡ್ಡಿಗೆ ಕೂಲಿಯ ಹೆಂಗಸರು ಬರುತ್ತಾರೆ. ಅವರು ಬಂದು ಹೋಗುವುದಕ್ಕೆ ಗೊತ್ತಾದ ಹೊತ್ತಿದೆ. ಮನೆಯ ಹೆಂಗಸರಿಗೆ ಅದಿಲ್ಲ, ಏಕೆಂದರೆ ಅವರು ಕೆಲಸಕ್ಕೆ ಬಂದವರಲ್ಲ. ಮದುವೆಯಾಗಿ ಬಂದ ವರ್ಷದಿಂದ ಸುರೇಖಾ ಅಡಿಗೆ, ಮುಸುರೆ, ಬಟ್ಟೆ ಮುಗಿಸಿ, ಉಳಿದ ಹೊತ್ತನ್ನು ಶೆಡ್ಡಿನಲ್ಲಿ ಕಳೆದಿದ್ದಾಳೆ. ಓಣಿಯಲ್ಲಿ ಯಾರಾದರೂ ನಿನ್ನ ಹೆಂಡತಿ ಏನು ಮಾಡುತ್ತಾಳೆ ಎಂದು ಕೇಳಿದರೆ ಚೇತನಕುಮಾರ, ಮನೆಯಲ್ಲೇ ಇರುತ್ತಾಳೆ ಎನ್ನುತ್ತಾನೆ.

ಈ ಸಲ ಎಂಟನೇ ತರಗತಿಗೆ ಬಂದವಳು ಮಗಳು ದಾನೇಶ್ವರಿ. ಹಲಗೆಯ ಮೇಲೆ ಲೆಕ್ಕ ಬಿಡಿಸಲು ತಾನೇ ಮುಂದೆ ಹೋಗುವ ಹುಡುಗಿ. ಗಣಿತದ ಟೀಚರು ಮಹಮೂದಾಬೇಗಂ ಒಮ್ಮೆ ಮಾರುಕಟ್ಟೆಯ ಹತ್ತಿರ ಸಿಕ್ಕಾಗ, ಇವಳನ್ನು ವಿಜ್ಞಾನಕ್ಕೆ ಹಾಕಿ, ಗಣಿತದ ಬುನಾದಿ ಮಾತ್ರ ಈಗ ಸಡಿಲಾಗಬಾರದು ಎಂದು ಹೇಳಿದ್ದರು. ಘನಾಕೃತಿಗಳ ಪಾಠ ಬರುವ ವಾರದಿಂದ ಶುರು ಎಂದೂ ಹೇಳಿದ್ದರು. ಆ ವಾರ ಮಗಳು ಒಂದು ದಿನವೂ ಶಾಲೆ ತಪ್ಪಿಸಬಾರದು ಎಂದು ಸುರೇಖಾ ಅಲ್ಲೇ, ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದುಕೊಂಡೇ ನಿಶ್ಚಯಿಸಿದಳು.

ಸೋಮವಾರ ಚೇತನಕುಮಾರ ಎಂದಿಗಿಂತ ಜಾಸ್ತಿ ಮಾಲು ಹಿಡಿದು ತಂದ. ದೊಡ್ಡ ಶೆಡ್ಡಿನವರು ಕೂಲಿಯ ಹೆಂಗಸರನ್ನೆಲ್ಲ ಕರೆದುಕೊಂಡುಬಿಟ್ಟಿದ್ದರು. ಇವರ ಪಾಲಿಗೆ ಉಳಿದವಳು ಹಳೆಯ ಪರಿಚಯದ ಗುಲಾಬಬಿ ಒಬ್ಬಳೇ. ಶುಕ್ರವಾರ ರಾಣೆಬೆನ್ನೂರಿಗೆ ಲಾರಿ ಹೋಗಲೇಬೇಕು, ಮಾತು ಕೊಟ್ಟಾಗಿದೆ ಎಂದು ಅವನು ಹೇಳಿದ. ಅದನ್ನು ಅವನು ಇಂಥವರಿಗೆಂದು ಹೇಳಲಿಲ್ಲ. ಉತ್ತರ ಕೊಟ್ಟವಳು ಅವನ ತಾಯಿ ಸೋಮವ್ವ. ನಾಳೆಯಿಂದ ದಾನಿ ಶಾಲೆಗೆ ಹೋಗುವುದು ಬೇಡ ಎಂದಳು.

ಸುರೇಖಾ ಪಾಠದ ವಿಷಯ ಹೇಳಿದಳು. ಸೋಮವ್ವ ಎಲೆಯಡಿಕೆಯ ಚೀಲ ಬಿಚ್ಚುತ್ತ ಕೇಳಿಸಿಕೊಂಡಳು.

"ಸಾಲಿ ಏನ್ ಓಡಿ ಹೊಕ್ಕೈತೇನ? ಹುಡುಗಿ ಶಾಣ್ಯಾಕಿ ಅದಾಳ. ಆಮ್ಯಾಲ ತಾನ ಓದಿಕೋತಾಳ."

ದಾನೇಶ್ವರಿಯ ಅಣ್ಣ ವಿಜಯಮಹಾಂತೇಶ ಎಂಟನೇ ತರಗತಿಯಲ್ಲಿದ್ದಾಗ ಇದೇ ಸೋಮವ್ವ ಅವನನ್ನು ಶೆಡ್ಡಿನ ಬಾಗಿಲಿಗೂ ಬಿಟ್ಟಿರಲಿಲ್ಲ. ಅವನಿಗೆ ಗಣಿತ ತಲೆಗೆ ಹತ್ತುವುದಿಲ್ಲ, ಒಂದು ದಿನ ತಪ್ಪಿದರೂ ಕಷ್ಟ ಎಂದಿದ್ದಳು. ದಡ್ಡನಾದ್ದರಿಂದ ಅವನು ಶಾಲೆಗೆ ಹೋದ. ಜಾಣೆಯಾದ್ದರಿಂದ ಇವಳು ಮನೆಯಲ್ಲಿ ಉಳಿಯಬೇಕು. ಇದನ್ನು ಸುರೇಖಾ ಬಾಯಿಬಿಟ್ಟೇ ಹೇಳಿದಳು. ಸೋಮವ್ವ ಸುಣ್ಣದ ಡಬ್ಬಿ ಮುಚ್ಚಿ, ಗಂಡುಹುಡುಗರ ಸುದ್ದಿ ಬೇರೆ ಎಂದಳು. ಗಂಡನ ಕಡೆ ನೋಡಿದರೆ ಅವನು ಮೊಬೈಲಿನಲ್ಲಿ ದರ ನೋಡುತ್ತಿದ್ದ. ಅವ್ವನನ್ನು ಕೇಳು ಎಂದ.

ಮಂಗಳವಾರ ದಾನೇಶ್ವರಿ ಬಾಯಿಗೆ ಓಢಣಿ ಕಟ್ಟಿಕೊಂಡು ಶೆಡ್ಡಿನಲ್ಲಿ ಕೂತಳು. ನಿನ್ನ ಮಗಳನ್ನೂ ಕರೆತಂದಿದ್ದರೆ ಲಗೂ ಮುಗಿಯುತ್ತಿತ್ತು ಎಂದು ಸೋಮವ್ವ ಗುಲಾಬಬಿಗೆ ಹೇಳಿದಳು. ಗುಲಾಬಬಿ ಕೈ ನಿಲ್ಲಿಸಲಿಲ್ಲ.

"ಆಕಿ ಸಾಲಿಗಿ ಹೋಗ್ಯಾಳ್ರಿ ಅಮ್ಮಾರ. ನಾ ದುಡ್ಯಾಕ ಬಂದೇನಲ್ರಿ, ಸಾಕಲ್ಲ."

ಕೂಲಿಯವಳ ಮಗಳು ತರಗತಿಯಲ್ಲಿ, ಮಾಲಿನ ಧಣಿಯ ಮಗಳು ರಾಶಿಯ ಮುಂದೆ. ಸೋಮವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮನೆಯ ಹುಡುಗಿ ಮನೆಯ ಕೆಲಸ ಮಾಡಿದರೆ ಅದು ದುಡಿಮೆ ಹೇಗಾದೀತು?

ಸಂಜೆ ಗುಲಾಬಬಿಯ ಮಗಳು ಶಬಾನಾ ಬಂದು, ದಾನೇಶ್ವರಿಯ ತರಗತಿಯವರಿಂದ ಕೇಳಿ ತಂದ ಆ ದಿನದ ಮನೆಗೆಲಸದ ಲೆಕ್ಕಗಳನ್ನು ಬರೆಸಿ ಹೋದಳು. ಅವಳೂ ಎಂಟನೇ ತರಗತಿಯೇ, ಆದರೆ ಬೇರೆ ಸೆಕ್ಷನ್ನು, ಆ ಪಾಠ ಅವರಿಗಿನ್ನೂ ಶುರುವಾಗಿರಲಿಲ್ಲ. ಆಗ ಸುರೇಖಾಳಿಗೆ ಒಂದು ಹುಮ್ಮಸ್ಸು ಬಂತು. ಪಾಠ ತಪ್ಪಿದರೇನು, ಪುಸ್ತಕ ಇದೆ, ತಾನಿದ್ದೇನೆ. ಮುಸುರೆ ತಿಕ್ಕಿ, ಸೆರಗಿಗೆ ಕೈ ಒರೆಸಿಕೊಂಡು ಮಗಳ ಪಕ್ಕ ಕೂತಳು.

ಮೊದಲ ಲೆಕ್ಕ ಮುಚ್ಚಳವಿರುವ ಒಂದು ಡಬ್ಬಿಯದು. ಉದ್ದ, ಅಗಲ, ಎತ್ತರ ಕೊಟ್ಟಿದ್ದರು, ಮೇಲ್ಮೈಯ ವಿಸ್ತೀರ್ಣ ಕೇಳಿದ್ದರು. ಪುಸ್ತಕದ ಸೂತ್ರ ಇಬ್ಬರಿಗೂ ಅರ್ಥವಾಗಲಿಲ್ಲ. ಸುರೇಖಾ ಎದ್ದು ಜೋಳದ ಹಿಟ್ಟು ತುಂಬಿಡುವ ಚೌಕಾಕಾರದ ತಗಡಿನ ಡಬ್ಬಿ ತಂದಳು. ಹಿಟ್ಟು ಮುಗಿದಿತ್ತು, ಅವತ್ತೇ ತೊಳೆದು ಬೋರಲು ಹಾಕಿದ್ದಳು. ಅದರ ಮೇಲೆ ಅಂಗೈ ಆಡಿಸುತ್ತ ಎಣಿಸಿದಳು: ಸುತ್ತ ನಾಲ್ಕು, ಮುಚ್ಚಳ ಒಂದು, ಬುಡ ಒಂದು. ಆಮೇಲೆ ಕೈಯನ್ನು ಒಳಗೆ ಇಳಿಸಿ ಮತ್ತೆ ಎಣಿಸತೊಡಗಿದಳು.

"ಒಳಗಿಂದೂ ಹಿಡೀಬೇಕೇನ ಅವ್ವಾ?"

"ಹಿಡೀಲಾರದ? ಹೊರಗಿನಕಿಂತ ಒಳಗ ತಿಕ್ಕೂದ ಜಾಸ್ತಿ ಐತಿ. ಮೂಲ್ಯಾಗ ಹಿಟ್ಟ ಕುಂತಿರತೈತಿ, ಹುಳ ಆಗತಾವ. ಹೊರಗ ತೊಳದ ಇಟ್ರ ಡಬ್ಬಿ ಸ್ವಚ್ಛ ಆತೇನ?"

ಅದು ಸರಿ ಎನಿಸಿತು. ದಾನೇಶ್ವರಿ ಡಬ್ಬಿಗೆ ಹನ್ನೆರಡು ಮುಖ ಹಿಡಿದು ಗುಣಿಸಿದಳು. ಪೆಟ್ಟಿಗೆ, ನೀರಿನ ಟಾಕಿ, ಔಷಧದ ಬಾಕ್ಸು, ಎಲ್ಲಕ್ಕೂ ಹಾಗೆಯೇ ಒಳಗೆ ಹೊರಗೆ ಎರಡೂ ಸೇರಿಸಿ ಉತ್ತರ ಬರೆದಳು. ಹುಡುಗಿಯ ಮುಖ ಅರಳಿತ್ತು. ಸುರೇಖಾಳಿಗೆ ಎದೆಯಲ್ಲಿ ಏನೋ ಹಗುರಾಯಿತು. ಇಷ್ಟಕ್ಕೇ ಹೆದರಿ ಪುಟ ಖಾಲಿ ಬಿಟ್ಟೆನಲ್ಲ ಎಂದುಕೊಂಡಳು.

ಬುಧವಾರ ಶಬಾನಾ ಆ ಲೆಕ್ಕಗಳನ್ನು ಶಾಲೆಗೆ ಒಯ್ದು ಟೀಚರಿಗೆ ತೋರಿಸಿ ಸಂಜೆ ಮರಳಿ ತಂದಳು. ಎಲ್ಲದರ ಮೇಲೂ ಕೆಂಪು ಗೀಟು. ಒಂದೂ ಸರಿಯಿರಲಿಲ್ಲ. ಎಲ್ಲ ಉತ್ತರ ಸರಿಯಾದದ್ದರ ಎರಡು ಪಟ್ಟು. ಆ ದಿನ ತಮ್ಮ ಸೆಕ್ಷನ್ನಿಗೂ ಪಾಠ ಶುರುವಾಯಿತೆಂದು ಶಬಾನಾ ಸಂಭ್ರಮದಿಂದ ಹೇಳಿದಳು. ಮೇಲ್ಮೈ ಎಂದರೆ ಹೊರಮೈ ಮಾತ್ರವಂತೆ. ಟೀಚರು ಒಬ್ಬೊಬ್ಬರ ಕೈಗೂ ಒಂದೊಂದು ರಟ್ಟಿನ ಡಬ್ಬಿ ಕೊಟ್ಟು, ಅಂಚು ಕತ್ತರಿಸಿ ನೆಲದ ಮೇಲೆ ಹಾಳೆಯಂತೆ ಹರವಿಸಿದರಂತೆ. ಆಗ ಡಬ್ಬಿಯೇ ಆರು ಆಯತಗಳಾಗಿ ಬಿದ್ದುಕೊಂಡಿತಂತೆ. ನಾಳೆ ಸಿಲಿಂಡರು ಬಿಚ್ಚುತ್ತಾರಂತೆ, ಅದು ಬಿಚ್ಚಿದರೆ ಏನಾಗುತ್ತದೆ ಹೇಳು ನೋಡೋಣ ಎಂದು ಅವಳು ದಾನೇಶ್ವರಿಯನ್ನು ಕೇಳಿದಳು.

ದಾನೇಶ್ವರಿಗೆ ಗೊತ್ತಿರಲಿಲ್ಲ. ಶಬಾನಾ ಹೋದ ಮೇಲೆ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕುತ್ತ ತಾಯಿಯ ಮುಖ ನೋಡದೆ ಹೇಳಿದಳು.

"ಇನ್ನ ಮ್ಯಾಲ ನೀ ನನಗ ಹೇಳಿಕೊಡಬ್ಯಾಡ ಅವ್ವಾ. ನಿನಗ ಬರಂಗಿಲ್ಲ."

ಅತ್ತೆ ಬೈದಿದ್ದರೆ ಸುರೇಖಾ ತಿರುಗಿ ಏನಾದರೂ ಅನ್ನುತ್ತಿದ್ದಳು. ಆದರೆ ಹುಡುಗಿ ಹೇಳಿದ್ದು ನಿಜವಾಗಿತ್ತು. ಇನ್ನು ಇಪ್ಪತ್ತು ವರ್ಷಕ್ಕೆ ಇವಳ ಮಗಳು ಇವಳಿಗೆ ಇದನ್ನೇ ಹೇಳುವುದು ಸುರೇಖಾಳ ಕಿವಿಗೆ ಈಗಲೇ ಕೇಳಿಸಿತು.

ಮೆಣಸಿನಕಾಯಿ ಇರುವ ಮನೆಗಳಲ್ಲಿ ಹೆಂಗಸರ ದಿನಕ್ಕೊಂದು ಕಟ್ಟುಪಾಡಿದೆ. ಮೊದಲು ಒಲೆ, ಆಮೇಲೆ ಶೆಡ್ಡು. ಕಾಯಿ ಮುಟ್ಟಿದ ಕೈ ಉರಿಯುತ್ತದೆ, ಎಷ್ಟು ತೊಳೆದರೂ ಖಾರ ಬಿಡುವುದಿಲ್ಲ. ಆ ಕೈಯಲ್ಲಿ ಹಿಟ್ಟು ನಾದಿದರೆ ರೊಟ್ಟಿ ಯಾರ ಬಾಯಿಗೂ ಬರುವುದಿಲ್ಲ. ಆದ್ದರಿಂದ ನಸುಕಿನಲ್ಲೇ ಎದ್ದು ಇಡೀ ದಿನದ ರೊಟ್ಟಿ ಬಡಿದಿಟ್ಟು, ಪಲ್ಲೆ ಮಾಡಿಟ್ಟು, ಆಮೇಲೆ ರಾಶಿಯ ಮುಂದೆ ಕೂರಬೇಕು. ಮದುವೆಯಾದಾಗಿನಿಂದ ಸುರೇಖಾ ಈ ಕ್ರಮ ತಪ್ಪಿಸಿರಲಿಲ್ಲ.

ಗುರುವಾರ ತಪ್ಪಿಸಿದಳು. ಎದ್ದವಳೇ ಮಗಳಿಗೆ ಜಡೆ ಹಾಕಿ, ಸಮವಸ್ತ್ರ ತೊಡಿಸಿ, ಚುರುಮುರಿ ಕಟ್ಟಿಕೊಟ್ಟು, ಬೇಗ ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತಿರು ಎಂದು ಹೊರಗೆ ಕಳಿಸಿದಳು. ನೇರ ಶೆಡ್ಡಿಗೆ ಹೋಗಿ ದಾನೇಶ್ವರಿಯ ಜಾಗದಲ್ಲಿ ಕೂತು ಎರಡೂ ಕೈ ರಾಶಿಗೆ ಹಾಕಿದಳು.

ಒಲೆ ಹೊತ್ತಿಲ್ಲವೆಂದು ಸೋಮವ್ವನಿಗೆ ತಿಳಿದದ್ದು ಚಹಾ ಬಾರದೇ ಹೋದಾಗ. ಶೆಡ್ಡಿನ ಬಾಗಿಲಿಗೆ ಬಂದು ಮೊಮ್ಮಗಳೆಲ್ಲಿ ಎಂದಳು. ಶಾಲೆಗೆ ಎಂಬ ಉತ್ತರ ಬಂತು. ರೊಟ್ಟಿ ಎಲ್ಲಿ ಎಂದಳು. ಸುರೇಖಾ ಕೆಂಪಾದ ಬೆರಳುಗಳನ್ನು ಎತ್ತಿ ತೋರಿಸಿದಳು.

"ಕೈ ಖಾರ ಆಗ್ಯಾವ್ರಿ ಅತ್ತೀ. ಹಿಟ್ಟ ಹೆಂಗ ಮುಟ್ಟಲಿ? ಆಕಿ ಕೆಲಸ ನಾ ಮಾಡಾಕತ್ತೇನಿ. ನನ್ನ ಕೆಲಸ ಯಾರ ಮಾಡ್ತೀರೋ ನೋಡ್ರಿ."

"ಬರೋಬರಿ ಐತಿ ನಿಂದು," ಎಂದಳು ಸೋಮವ್ವ. "ಈ ವಯಸ್ಸಿನ್ಯಾಗ ನನ್ನ ಒಲಿ ಮುಂದ ಕುಂದ್ರಸ್ತಿ?"

ಗುಲಾಬಬಿ ತಲೆ ಬಗ್ಗಿಸಿ ತೊಟ್ಟು ಮುರಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ನಿಂತು ನಿಂತು ಬರುವ, ಸುಸ್ತಾದ ಸದ್ದು. ಸುರೇಖಾಳಿಗೆ ಅದು ಗೆದ್ದಂತೆ ಅನಿಸಲಿಲ್ಲ. ಶೆಡ್ಡಿನಿಂದ ಒಬ್ಬ ಹುಡುಗಿ ಏಳಬೇಕಾದರೆ ಒಲೆಯ ಮುಂದೆ ಒಬ್ಬ ಮುದುಕಿ ಕೂರಬೇಕಾಯಿತು. ಈ ಮನೆಯ ಗಂಡಸರು ಮಾತ್ರ ಕೂತಲ್ಲಿಂದ ಕದಲಿರಲಿಲ್ಲ. ಎದ್ದು ಹೋಗಿ ಅತ್ತೆಯ ಕೈಯಿಂದ ಹಿಟ್ಟು ಕಸಿದುಕೊಳ್ಳಬೇಕೆನಿಸಿತು. ತನ್ನ ಕೈ ನೋಡಿಕೊಂಡು ಅಲ್ಲೇ ಕೂತಳು.

ಮಧ್ಯಾಹ್ನ ಚೇತನಕುಮಾರ ಮಾರುಕಟ್ಟೆಯಿಂದ ಬಂದ. ತಾಯಿ ಮಾಡಿದ್ದು ಮೂರೇ ರೊಟ್ಟಿ, ಅವೂ ಅಂಚು ಹರಿದವು. ಪಲ್ಲೆ ಇರಲಿಲ್ಲ, ಶೇಂಗಾ ಚಟ್ನಿ ಇತ್ತು. ಸೋಮವ್ವ ತೋಳು ನೋಯುತ್ತದೆಂದು ಮಲಗಿದ್ದಳು. ಅವನು ತಿಂದು ಶೆಡ್ಡಿಗೆ ಬಂದು ಅರ್ಧವೂ ಮುಗಿಯದ ರಾಶಿಯನ್ನು ನೋಡಿದ. ಸಂಜೆಗೇನು ಊಟ ಎಂದು ಕೇಳಿದ. ಸುರೇಖಾ ಇನ್ನೊಂದು ಹಿಡಿ ಕಾಯಿ ಮುಂದಕ್ಕೆಳೆದುಕೊಂಡಳು. ನಾಳೆ ದಾನಿ ಕೂರುತ್ತಾಳಲ್ಲ ಎಂದ. ನಾಳೆಯೂ ಶಾಲೆ ಇದೆ, ಪಾಠ ಮುಗಿಯುವವರೆಗೂ ಇದೆ, ಅಲ್ಲಿಯವರೆಗೆ ತಾನು ಬೆಳಿಗ್ಗೆ ಇಲ್ಲೇ ಕೂರುತ್ತೇನೆ ಎಂದಳು.

ಅವನು ಬಾಗಿಲಿಗೆ ಒರಗಿದ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು ರಾಣೆಬೆನ್ನೂರಿನ ಮಸಾಲೆಯವರಿಗೆ ಫೋನು ಹಚ್ಚಿದ. ಮಾಲು ನಾಳೆ ಆಗುವುದಿಲ್ಲ, ಮುಂದಿನ ವಾರ ಕಳಿಸುತ್ತೇನೆ ಎಂದ. ಆ ಕಡೆಯವರು ಏನೋ ಅಂದರು. ಇವನು ಹೂಂ ಎಂದ, ನಕ್ಕ, ಅವರ ಮಗನ ಮದುವೆ ಯಾವಾಗ ಎಂದು ವಿಚಾರಿಸಿದ, ಫೋನಿಟ್ಟ. ಮುಂದಿನ ವಾರ ಕಳಿಸಿದರೂ ನಡೆಯುತ್ತದಂತೆ ಎಂದು ಹೇಳಿದ.

ಅಷ್ಟೇ ಆಗಿತ್ತು. ಸುರೇಖಾ ಕೈಯಲ್ಲಿದ್ದ ಕಾಯಿಯನ್ನು ನೋಡುತ್ತ ಕೂತಳು. ಹೋಗಲೇಬೇಕಾಗಿದ್ದ ಲಾರಿ, ಕೊಟ್ಟಾಗಿದ್ದ ಮಾತು, ಎಲ್ಲವೂ ಒಂದು ನಗುವಿನಲ್ಲಿ ಮುಂದಕ್ಕೆ ಹೋಗಿದ್ದವು. ಅವಳ ಅಪ್ಪನ ಕಾಲದಲ್ಲಿ ಮೊಬೈಲು ಇರಲಿಲ್ಲ. ಆದರೆ ಮಾಲು ತಡವಾಗುತ್ತದೆಂದು ಬಸ್ಸಿಗೆ ಹೋಗುವವರ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಬಹುದಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ.

"ಇದನ್ನ ಸೋಮವಾರನ ಮಾಡಿದ್ರ ಏನಾಗತಿತ್ರಿ?" ಎಂದು ಕೇಳಿದಳು.

ಚೇತನಕುಮಾರ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ಸಿಟ್ಟಾಗಲಿ ಕುಹಕವಾಗಲಿ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವವನಂತೆ ಹೇಳಿದ.

"ಸೋಮವಾರ ನೀ ರೊಟ್ಟಿ ಬಡದಿದ್ದಿ ಅಲ್ಲೇನ?"